ಪಾರ್ಕಿನ್ಸನ್: ವ್ಯಾಯಾಮವೂ ಔಷಧದಂತೆ ಅಳತೆಯಲ್ಲಿ ಸಿಗಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಈಚೆಗೆ ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಮೆದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಹೇಗೆ ಕಡಿಮೆಯಾಗುತ್ತದೆ, ಯಾವ ಗುಳಿಗೆ ಏನು ಮಾಡುತ್ತದೆ, ಯಾರಿಗೆ ಶಸ್ತ್ರಚಿಕಿತ್ಸೆ ಎಂಬುದೆಲ್ಲ ತಿಳಿಯುವಂತೆ ಬರೆದಿದ್ದರು. ಕೊನೆಯಲ್ಲಿ ಮಾತ್ರ, ಜೊತೆಗೆ ಲಘು ವ್ಯಾಯಾಮ ಮಾಡಿದರೆ ಒಳ್ಳೆಯದು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದರು. ಐದು ವರ್ಷದಿಂದ ಈ ಕಾಯಿಲೆಯೊಂದಿಗೆ ಬದುಕುತ್ತಿರುವ ನನಗೆ ಆ ಸಾಲು ಸಾಲದೆನಿಸಿತು. ಅದಕ್ಕೇ ಈ ಪತ್ರ.

ನಾನು ಕೆ.ಎಸ್.ಆರ್.ಟಿ.ಸಿ.ಯಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನು. ಅದರಲ್ಲಿ ಹದಿನಾಲ್ಕು ವರ್ಷ ಅರಸೀಕೆರೆ–ಶಿವಮೊಗ್ಗ ಮಾರ್ಗದಲ್ಲೇ ಕಳೆಯಿತು. ನಿವೃತ್ತಿಗೆ ಒಂದೆರಡು ವರ್ಷ ಇರುವಾಗ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿಯೇ ಉಜ್ಜಲು ಶುರುವಾಯಿತು. ನೋಟು ಎಣಿಸಿ ಎಣಿಸಿ ಕೈಗೆ ಅದೇ ಅಭ್ಯಾಸವಾಗಿದೆ ಎಂದು ಡಿಪೊದಲ್ಲಿ ಎಲ್ಲರೂ ಅಂದರು, ನಾನೂ ಹಾಗೆಯೇ ಅಂದುಕೊಂಡೆ. ವೇಬಿಲ್ಲಿನಲ್ಲಿ ನನ್ನ ಅಕ್ಷರ ಸಾಲಿನ ಮೊದಲಲ್ಲಿ ಸರಿಯಾಗಿದ್ದು, ಕೊನೆ ಮುಟ್ಟುವಷ್ಟರಲ್ಲಿ ಸಾಸಿವೆ ಕಾಳಿನಷ್ಟಾಗುತ್ತಿತ್ತು. ಒಗ್ಗರಣೆಯ ವಾಸನೆ ಮೂಗಿಗೆ ಬಡಿಯುವುದು ನಿಂತು ಅದಾಗಲೇ ಬಹಳ ದಿನವಾಗಿತ್ತು. ಇವೆಲ್ಲ ಒಂದೇ ಕಾಯಿಲೆಯ ಗುರುತುಗಳೆಂದು ಗೊತ್ತಾದಾಗ ನನಗೆ ಅರವತ್ತೊಂದು.

ಕಾಯಿಲೆಯ ಹೆಸರು ಹೇಳಿದ ದಿನ ನನ್ನ ಕೈಗೆ ಎರಡು ಕಾಗದ ಬಂದವು. ಒಂದು ಗುಳಿಗೆಯ ಚೀಟಿ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಊಟಕ್ಕೆ ಎಷ್ಟು ಹೊತ್ತು ಮುಂಚೆ ಎಂದು ಅದರಲ್ಲಿ ಬಿಡಿಸಿ ಬರೆದಿತ್ತು. ಇನ್ನೊಂದು ಹನ್ನೆರಡು ಚಿತ್ರಗಳಿದ್ದ ಜೆರಾಕ್ಸ್ ಹಾಳೆ. ಚಿತ್ರದಲ್ಲಿದ್ದ ಮನುಷ್ಯ ಕುರ್ಚಿಯ ಮೇಲೆ ಕುಳಿತು ಕೈ ಎತ್ತುತ್ತಿದ್ದ, ಕುತ್ತಿಗೆ ತಿರುಗಿಸುತ್ತಿದ್ದ. ಎಷ್ಟು ಹೊತ್ತು ಮಾಡಬೇಕು, ವಾರಕ್ಕೆ ಎಷ್ಟು ದಿನ, ಉಸಿರು ಎಷ್ಟು ಏರಬೇಕು, ಯಾವಾಗ ಹೆಚ್ಚಿಸಬೇಕು ಎಂಬುದು ಎಲ್ಲೂ ಇರಲಿಲ್ಲ. ಗುಳಿಗೆಯ ಚೀಟಿಯನ್ನು ಈಗಲೂ ತಪ್ಪದೆ ಪಾಲಿಸುತ್ತಿದ್ದೇನೆ. ಹಾಳೆ ಎರಡು ವಾರಕ್ಕೆ ಕ್ಯಾಲೆಂಡರಿನ ಹಿಂದೆ ಸೇರಿತು. ಹೀಗಾದದ್ದು ನನಗೊಬ್ಬನಿಗೇ ಅಲ್ಲ. ನಮ್ಮ ತಾಲ್ಲೂಕಿನಲ್ಲಿ ನನಗೆ ಗೊತ್ತಿರುವ ಇನ್ನೂ ನಾಲ್ವರ ಮನೆಯಲ್ಲಿ ಇಂಥದೇ ಹಾಳೆಗಳಿವೆ.

ನನ್ನ ತಂಗಿಯ ಮಗಳು ಫಿಜಿಯೊಥೆರಪಿ ಓದುತ್ತಿದ್ದಾಳೆ. ರಜೆಗೆ ಬಂದಾಗ ಆ ಹಾಳೆಯನ್ನು ನೋಡಿ, ‘ಮಾವ, ಇದನ್ನು ಮಾಡಿದರೂ ಒಂದೇ, ಮಾಡದಿದ್ದರೂ ಒಂದೇ’ ಎಂದಳು. ನನಗೆ ಸಿಟ್ಟು ಬಂತು. ಅವಳು ಬ್ರಿಟನ್ನಿನ ಒಂದು ಅಧ್ಯಯನವನ್ನು ಮೊಬೈಲಿನಲ್ಲಿ ತೆರೆದು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಳು. ಅಲ್ಲಿ ಸೌಮ್ಯ ಮತ್ತು ಮಧ್ಯಮ ಹಂತದ 762 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಫಿಜಿಯೊಥೆರಪಿ ಮತ್ತು ದಿನನಿತ್ಯದ ಕೆಲಸಗಳ ತರಬೇತಿ ಕೊಟ್ಟಿದ್ದಾರೆ. ಇನ್ನೊಂದು ಗುಂಪಿಗೆ ಆಗ ಏನನ್ನೂ ಕೊಟ್ಟಿಲ್ಲ. ಫಲಿತಾಂಶ 2016ರಲ್ಲಿ ಬಂತು: ಮೂರು ತಿಂಗಳ ನಂತರ ನೋಡಿದರೆ ಎರಡೂ ಗುಂಪಿಗೆ ವ್ಯತ್ಯಾಸವೇ ಕಾಣಲಿಲ್ಲ. ಹಾಗಾದರೆ ವ್ಯಾಯಾಮ ದಂಡವೇ ಎಂದು ಕೇಳಿದೆ. ‘ಎಷ್ಟು ಕೊಟ್ಟಿದ್ದರು ಎಂಬುದನ್ನು ನೋಡಿ ಮಾವ’ ಎಂದಳು. ಹೆಚ್ಚಿನವರಿಗೆ ಸಿಕ್ಕದ್ದು ಎಂಟು ವಾರದಲ್ಲಿ ನಾಲ್ಕೇ ಭೇಟಿ. ಅಷ್ಟು ಕಡಿಮೆ ಕೊಟ್ಟರೆ ಫಲವಿಲ್ಲ, ಹೆಚ್ಚು ಬಿಗಿಯಾದ, ಕ್ರಮಬದ್ಧ ತರಬೇತಿಯನ್ನು ಪರೀಕ್ಷಿಸಬೇಕು ಎಂದು ಆ ಸಂಶೋಧಕರೇ ಬರೆದಿದ್ದಾರೆ.

ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಗುಳಿಗೆಗೆ ಇರುವಂತೆ ವ್ಯಾಯಾಮಕ್ಕೂ ಒಂದು ಅಳತೆಯಿದೆ, ಮತ್ತು ಆ ಅಳತೆಯನ್ನು ಸಂಶೋಧನೆ ಸುಮಾರಾಗಿ ಕಂಡುಕೊಂಡಿದೆ. ಹತ್ತಿರದ ಬಾಣಾವರದವರೆಗಿನ ಟಿಕೆಟ್ ಕೊಟ್ಟು ದೂರದ ಭದ್ರಾವತಿಯಲ್ಲಿ ಇಳಿಯಿರಿ ಎಂದು ಯಾವ ಕಂಡಕ್ಟರೂ ಹೇಳುವುದಿಲ್ಲ. ನಮಗೆ ಆಗುತ್ತಿರುವುದು ಹಾಗೆಯೇ.

ನೆದರ್ಲೆಂಡ್ಸಿನ ನೈಮೆಗನ್ ನಗರದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಯಿಲೆ ಇನ್ನೂ ಸೌಮ್ಯವಾಗಿದ್ದ 130 ಜನರಿದ್ದರು. ಅರ್ಧದಷ್ಟು ಜನ ಮನೆಯಲ್ಲೇ ನಿಲುಗಡೆಯ ಸೈಕಲನ್ನು ವಾರಕ್ಕೆ ಮೂರು ಸಲ, ಪ್ರತಿ ಸಲ ಮೂವತ್ತರಿಂದ ನಲವತ್ತೈದು ನಿಮಿಷ, ಹೃದಯದ ಬಡಿತ ಏರುವಂತೆ ತುಳಿದರು. ಉಳಿದವರು ಕೈಕಾಲು ಚಾಚುವ ವ್ಯಾಯಾಮ ಮಾಡಿದರು. ಆರು ತಿಂಗಳಾದ ಮೇಲೆ, ಗುಳಿಗೆಯ ಪ್ರಭಾವ ಇಲ್ಲದ ಹೊತ್ತಿನಲ್ಲಿ ಚಲನೆಯ ತೊಂದರೆಯನ್ನು ಅಂಕ ಕೊಟ್ಟು ಅಳೆದರು. ಚಾಚುವ ಗುಂಪಿನವರ ಅಂಕ ಸುಮಾರು ಐದೂವರೆಯಷ್ಟು ಹದಗೆಟ್ಟಿತ್ತು, ಸೈಕಲ್ ಗುಂಪಿನವರದು ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕಾಯಿಲೆ ವಾಸಿಯಾಯಿತೆಂದು ಇದರ ಅರ್ಥವಲ್ಲ. ಆದರೆ ದಿನೇ ದಿನೇ ಇಳಿಯುತ್ತಿರುವವನಿಗೆ ಇಳಿತ ನಿಧಾನವಾದರೆ ಎಷ್ಟು ದೊಡ್ಡ ಉಪಕಾರವೆಂದು ಶರ್ಟಿನ ಗುಂಡಿಯನ್ನು ತಾನೇ ಹಾಕಿಕೊಳ್ಳಲು ಹೆಣಗಿದವನಿಗೆ ಗೊತ್ತು. ತಂಗಿಯ ಮಗಳಿಂದ ಇದನ್ನು ಕೇಳಿದ ಮೇಲೆ ಮಗ ಯಾರೋ ಮಾರುತ್ತಿದ್ದ ಹಳೆಯ ವ್ಯಾಯಾಮದ ಸೈಕಲ್ ತಂದು ಪಡಸಾಲೆಯಲ್ಲಿ ಇಟ್ಟ. ಬೆಳಗಿನ ಗುಳಿಗೆ ಹಿಡಿದ ಮೇಲೆ ತುಳಿಯುತ್ತೇನೆ. ಬನಿಯನ್ ಒದ್ದೆಯಾಗದಿದ್ದರೆ ಆ ದಿನದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಕಾಲಿನ ವಿಷಯ ಬೇರೆ. ಈ ಕಾಯಿಲೆಯಲ್ಲಿ ನಡುಕವನ್ನು ಎಲ್ಲರೂ ನೋಡುತ್ತಾರೆ. ಕಾಲು ಹೆಪ್ಪುಗಟ್ಟುವುದನ್ನು ನೋಡಿದವರು ಕಡಿಮೆ. ನಮ್ಮದು ಹಳೆಯ ಮನೆ, ನಡುಮನೆಗೂ ಅಡುಗೆಮನೆಗೂ ನಡುವೆ ಅರಿಶಿನ ಬಳಿದ ಮರದ ಹೊಸಿಲು. ನಡೆದುಕೊಂಡು ಬಂದವನು ಅದರ ಮುಂದೆ ನಿಂತುಬಿಡುತ್ತಿದ್ದೆ. ಕಾಲಿನಲ್ಲಿ ಶಕ್ತಿಯಿದೆ, ನೋವಿಲ್ಲ, ಹೋಗಬೇಕೆಂಬ ಮನಸ್ಸಿದೆ, ಆದರೂ ಅಂಗಾಲನ್ನು ಯಾರೋ ನೆಲಕ್ಕೆ ಮೊಳೆ ಹೊಡೆದ ಹಾಗೆ. ಹಿಂದಿನಿಂದ ಯಾರಾದರೂ ಬೇಗ ಎಂದರೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೈ ಮುಂದೆ ಬಾಗುತ್ತದೆ, ಕಾಲು ಬರುವುದಿಲ್ಲ. ಬಚ್ಚಲುಮನೆಯ ಬಾಗಿಲಲ್ಲಿ ಹೀಗೆಯೇ ಬಿದ್ದು ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದವು.

ತಂಗಿಯ ಮಗಳು ಎರಡು ಕೆಲಸ ಮಾಡಿದಳು. ಹೊಸಿಲಿನ ಈಚೆಗೆ ನಾಲ್ಕು, ಆಚೆಗೆ ಮೂರು, ನನ್ನ ಹೆಜ್ಜೆಯಳತೆಗೆ ಅಡ್ಡಡ್ಡಲಾಗಿ ಬಿಳಿ ಪಟ್ಟಿ ಅಂಟಿಸಿದಳು. ಹೊಸಿಲು ದಾಟಬೇಕೆಂದು ಯೋಚಿಸಬೇಡಿ, ಪಟ್ಟಿಯನ್ನು ದಾಟಿ ಎಂದಳು. ಆಮೇಲೆ ನನ್ನ ಹೆಂಡತಿಯನ್ನು ಕರೆದು, ಅವರು ನಿಂತಾಗ ಕೈಹಿಡಿದು ಎಳೆಯಬೇಡಿ ಅತ್ತೆ, ತಾಳ ಹಾಕಿ ಎಂದಳು. ಎಂಥ ತಾಳ ಎಂದು ನನ್ನ ಹೆಂಡತಿಗೆ ತೋಚಲಿಲ್ಲ. ಅವಳ ಬಾಯಿಂದ ಬಂದದ್ದು ‘ರೈಟ್, ರೈಟ್’. ಮೂವತ್ತೊಂದು ವರ್ಷ ನಾನು ಬಸ್ಸಿಗೆ ಹೇಳಿದ ಮಾತು. ಬಲಗಾಲು ಎದ್ದಿತು. ಹೊಸಿಲಿನ ಆಚೆ ನಿಂತು ಇಬ್ಬರೂ ಅತ್ತೆವು.

ಇದು ಮಾಯವಲ್ಲ. ಯೋಚಿಸದೆ ತಾನಾಗಿಯೇ ನಡೆಯುವ ಚಲನೆಗಳನ್ನು ನಡೆಸುವ ಮೆದುಳಿನ ಆಳದ ಭಾಗ ಈ ಕಾಯಿಲೆಯಲ್ಲಿ ಸೋಲುತ್ತದೆ. ಕಣ್ಣಿಗೆ ಕಾಣುವ ಗೆರೆ, ಕಿವಿಗೆ ಬೀಳುವ ತಾಳ ಸಿಕ್ಕರೆ ಮೆದುಳು ಬೇರೆ ದಾರಿಯಿಂದ ಅದೇ ಕಾಲನ್ನು ಎತ್ತಿಸುತ್ತದೆ. ನಡೆಯಲಾರದ ಐವತ್ತೆಂಟು ವರ್ಷದ ರೋಗಿಯೊಬ್ಬರು ಸಲೀಸಾಗಿ ಸೈಕಲ್ ಓಡಿಸಿದ್ದನ್ನು ಇದೇ ನೈಮೆಗನ್ನಿನ ವೈದ್ಯರು 2010ರಲ್ಲಿ ಚಿತ್ರೀಕರಿಸಿ ಪ್ರಕಟಿಸಿದ್ದಾರೆ. 2007ರಲ್ಲಿ ಯುರೋಪಿನ ಮೂರು ದೇಶಗಳ 153 ರೋಗಿಗಳಿಗೆ ಮೂರು ವಾರ ಅವರವರ ಮನೆಯಲ್ಲೇ ಇಂಥ ಸೂಚನೆಗಳ ತರಬೇತಿ ಕೊಟ್ಟ ಅಧ್ಯಯನ ಬಂತು. ನಡಿಗೆ ಸುಧಾರಿಸಿತು, ಹೆಪ್ಪುಗಟ್ಟುವುದು ಸ್ವಲ್ಪ ಕಡಿಮೆಯಾಯಿತು. ಆದರೆ ತರಬೇತಿ ನಿಂತು ಆರು ವಾರವಾಗುವಷ್ಟರಲ್ಲಿ ಗಳಿಸಿದ್ದರಲ್ಲಿ ಬಹುಪಾಲು ಕರಗಿತ್ತು. ನನಗೂ ಹಾಗೆಯೇ ಆಯಿತು. ಜ್ವರ ಬಂದು ಮೂರು ವಾರ ಎಲ್ಲ ಬಿಟ್ಟಿದ್ದೆ, ಮತ್ತೆ ಹೊಸಿಲ ಮುಂದೆ ನಿಂತೆ. ಬಿಟ್ಟರೆ ಹೋಗುತ್ತದೆ ಎಂಬುದೂ ಸಂಶೋಧನೆ ಹೇಳಿದ ಸತ್ಯವೇ. ಹಾಗಿರುವಾಗ ಎರಡು ಭೇಟಿ ಮುಗಿಸಿ ಇನ್ನು ನೀವೇ ಮಾಡಿಕೊಳ್ಳಿ ಎಂದು ಕಳುಹಿಸುವುದು ಯಾವ ನ್ಯಾಯ?

ಇಲ್ಲಿ ಒಂದು ಹಳೆಯ ತಪ್ಪನ್ನು ಹೇಳಿಕೊಳ್ಳಬೇಕು. ಬಾಣಾವರದ ನಿಲ್ದಾಣದಲ್ಲಿ ಒಬ್ಬ ಹಿರಿಯರು ವಾರಕ್ಕೊಮ್ಮೆ ಬಸ್ ಹತ್ತುತ್ತಿದ್ದರು. ಮೆಟ್ಟಿಲಿನ ಮುಂದೆ ಬಂದು ಕಂಬಿ ಹಿಡಿದು ಹಾಗೆಯೇ ನಿಲ್ಲುತ್ತಿದ್ದರು, ಮುಖದಲ್ಲಿ ಯಾವ ಭಾವವೂ ಇರುತ್ತಿರಲಿಲ್ಲ. ‘ಬೇಗ ಹತ್ತಿ ಯಜಮಾನರೇ, ಹೊತ್ತಾಯಿತು’ ಎಂದು ನಾನು ಗದರುತ್ತಿದ್ದೆ. ಕುಡಿದಿದ್ದಾರೆಂದು ಒಮ್ಮೆ ಅಂದೆ ಕೂಡ. ಅವರಿಗೆ ಯಾವ ಕಾಯಿಲೆ ಇತ್ತೋ ಖಚಿತವಾಗಿ ಹೇಳಲಾರೆ, ಆದರೆ ಈಗ ನಾನು ಬಸ್ಸಿನ ಮೆಟ್ಟಿಲ ಮುಂದೆ ನಿಲ್ಲುವುದು ಥೇಟ್ ಹಾಗೆಯೇ. ಈ ಪತ್ರ ಓದುವ ಕಂಡಕ್ಟರುಗಳಲ್ಲಿ ನನ್ನ ವಿನಂತಿ: ಅಂಥವರನ್ನು ಅವಸರಪಡಿಸಬೇಡಿ, ಎಳೆಯಬೇಡಿ. ಒಂದು, ಎರಡು ಎಂದು ನಿಧಾನವಾಗಿ ಎಣಿಸಿ. ಅರ್ಧ ನಿಮಿಷದಲ್ಲಿ ಹತ್ತುತ್ತಾರೆ.

ಇನ್ನು ದನಿ. ಡ್ರೈವರಿನಿಂದ ಹಿಂಬದಿಯ ಸೀಟಿನವರೆಗೆ ಕೇಳಿಸುತ್ತಿದ್ದ ನನ್ನ ದನಿ ಕಾಯಿಲೆಯ ಮೂರನೆಯ ವರ್ಷಕ್ಕೆ ಪಿಸುಮಾತಾಯಿತು. ‘ಏನಂದಿರಿ?’ ಎಂದು ಹೆಂಡತಿ ದಿನಕ್ಕೆ ನೂರು ಸಲ ಕೇಳುತ್ತಿದ್ದಳು. ಅವಳಿಗೆ ಕಿವಿ ಮಂದವಾಗಿದೆ ಎಂದು ನಾನು ಹಟ ಹಿಡಿದಿದ್ದೆ. ಏಕೆಂದರೆ ನನಗೆ ನನ್ನ ದನಿ ಸರಿಯಾಗಿಯೇ ಕೇಳಿಸುತ್ತಿತ್ತು. ಕಾಯಿಲೆ ದನಿಯನ್ನು ಇಳಿಸುವುದಷ್ಟೇ ಅಲ್ಲ, ದನಿ ಇಳಿದಿದೆ ಎಂಬ ಅರಿವನ್ನೂ ಕಸಿದುಕೊಳ್ಳುತ್ತದೆ. ಫೋನಿನಲ್ಲಿ ಮೊಮ್ಮಕ್ಕಳು ‘ಹಲೋ, ಹಲೋ’ ಎಂದು ಇಟ್ಟುಬಿಡಲು ಶುರುಮಾಡಿದ ಮೇಲೆ ನಾನು ಮಾತನಾಡುವುದನ್ನೇ ಕಡಿಮೆ ಮಾಡಿದೆ. ಕೈ ನಡುಗಿದ್ದಕ್ಕಿಂತ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಇದು.

ಮೈಸೂರಿನಲ್ಲಿ ಮಗಳ ಮನೆಯಲ್ಲಿ ಒಂದು ತಿಂಗಳು ಉಳಿದು ವಾಕ್ ಚಿಕಿತ್ಸಕಿಯೊಬ್ಬರ ಬಳಿಗೆ ಹೋದೆ. ಅವರು ಅನುಸರಿಸಿದ ವಿಧಾನವನ್ನು ಲೊರೇನ್ ರಾಮಿಗ್ ಎಂಬ ವಿಜ್ಞಾನಿ ಅಮೆರಿಕದಲ್ಲಿ 1987ರಲ್ಲಿ ರೂಪಿಸಿದ್ದು. ಪಾರ್ಕಿನ್ಸನ್ ಇದ್ದ ಲೀ ಸಿಲ್ವರ್‌ಮನ್ ಎಂಬ ಮಹಿಳೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ವಾರಕ್ಕೆ ನಾಲ್ಕು ದಿನ, ನಾಲ್ಕು ವಾರ, ಒಟ್ಟು ಹದಿನಾರು ಪಾಠ. ಎಲ್ಲಕ್ಕೂ ಒಂದೇ ಸೂಚನೆ: ಜೋರಾಗಿ. ಮೊದಲು ‘ಆ’ ಎಂದು ಉಸಿರು ಇರುವಷ್ಟು ಹೊತ್ತು ಎಳೆಯಬೇಕು. ಆಮೇಲೆ ನಾವು ದಿನವೂ ಆಡುವ ಹತ್ತು ಮಾತುಗಳನ್ನು ನಾವೇ ಆರಿಸಿಕೊಂಡು ಅವನ್ನೇ ದಿನವೂ ಜೋರಾಗಿ ಹೇಳಬೇಕು. ನನ್ನ ಪಟ್ಟಿಯಲ್ಲಿ ‘ಕಾಫಿ ಕೊಡು’, ‘ಯಾರು ಬಂದರು?’ ಎಂಬವುಗಳ ಜೊತೆಗೆ ‘ಬಾಣಾವರ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ’ ಎಂಬುದೂ ಇತ್ತು. ಮೊದಲ ದಿನ ನನಗೆ ಕಿರುಚಿದಂತೆ ಅನಿಸಿ ನಾಚಿಕೆಯಾಯಿತು. ಅವರು ದನಿಯನ್ನು ಮೊಬೈಲಿನಲ್ಲಿ ಹಿಡಿದು ಮರಳಿ ಕೇಳಿಸಿದರು. ನನಗೆ ಕಿರುಚಾಟವೆನಿಸಿದ್ದು ಬೇರೆಯವರ ಕಿವಿಗೆ ಸಾಮಾನ್ಯ ಮಾತಾಗಿತ್ತು. ಆ ಕ್ಷಣ ನನಗೆ ಕಾಯಿಲೆ ಅರ್ಥವಾಯಿತು ಎನ್ನಬಹುದು. ನಾಲ್ಕನೆಯ ವಾರದಲ್ಲಿ ಪಕ್ಕದ ಕೋಣೆಯಿಂದ ಮೊಮ್ಮಗ, ‘ತಾತ, ತರೀಕೆರೆ ಬಂತಾ?’ ಎಂದು ಕೂಗಿ ಕೇಳಿದ.

ಇದಕ್ಕೂ ಗಟ್ಟಿ ಪುರಾವೆಯಿದೆ. ಬ್ರಿಟನ್ನಿನಲ್ಲಿ 388 ರೋಗಿಗಳ ಮೇಲೆ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಈ ವಿಧಾನದಲ್ಲಿ ತರಬೇತಿ ಪಡೆದವರಿಗೆ, ಚಿಕಿತ್ಸೆ ಇಲ್ಲದವರಿಗಿಂತಲೂ ಅಲ್ಲಿನ ಮಾಮೂಲಿ ವಾಕ್ ಚಿಕಿತ್ಸೆ ಪಡೆದವರಿಗಿಂತಲೂ ದನಿಯ ತೊಂದರೆ ಕಡಿಮೆಯಾಗಿತ್ತು. ಇದಕ್ಕೂ ಮುಂಚೆ, 2011ರಲ್ಲಿ, ಆಸ್ಟ್ರೇಲಿಯಾದಲ್ಲಿ ಇದೇ ತರಬೇತಿಯನ್ನು ವಿಡಿಯೊ ಮೂಲಕ ಕೊಟ್ಟು ನೋಡಿದ್ದಾರೆ. ಎದುರು ಕುಳಿತು ಕೊಟ್ಟದ್ದಕ್ಕಿಂತ ಅದು ಕಡಿಮೆಯಾಗಲಿಲ್ಲ. ನನಗೆ ಮೈಸೂರಿನಲ್ಲಿ ಮಗಳಿದ್ದಳು. ಪಕ್ಕದ ಹಳ್ಳಿಯಲ್ಲಿರುವ, ಇದೇ ಕಾಯಿಲೆಯ ತೆಂಗಿನ ವ್ಯಾಪಾರಿಗೆ ಅಲ್ಲಿ ಯಾರೂ ಇಲ್ಲ. ಆದರೆ ಅವರ ಮಗನ ಬಳಿ ಒಳ್ಳೆಯ ಮೊಬೈಲ್ ಇದೆ. ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶಕ್ಕೇ ವಾಕ್ ಚಿಕಿತ್ಸಕರನ್ನು ತಯಾರು ಮಾಡುವ ಸಂಸ್ಥೆ ನಮ್ಮ ರಾಜ್ಯದಲ್ಲಿರುವಾಗ, ಕನ್ನಡ ಮಾತನಾಡುವ ಪಾರ್ಕಿನ್ಸನ್ ರೋಗಿಗಳಿಗೆ ಇಂಥ ತರಬೇತಿಯನ್ನು ಹಳ್ಳಿಯವರೆಗೆ ಮುಟ್ಟಿಸುವ ದೊಡ್ಡ ಅಧ್ಯಯನವನ್ನು ಕೈಗೆತ್ತಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಊರಿನಲ್ಲಿ ನನಗೆ ಸಿಗುವ ಸಲಹೆ ಹೆಚ್ಚಾಗಿ ನಸುಗುನ್ನಿಯದು. ಅದನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಬೇಲಿಗಳಲ್ಲಿ ಬೆಳೆಯುವ ಆ ತುರಿಕೆಕಾಯಿಯ ಬೀಜದಲ್ಲಿ ಲೆವೊಡೋಪಾ ಇದೆ ಎಂಬುದನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿಯೇ ಬೇರ್ಪಡಿಸಿ ತೋರಿಸಿದ್ದರು. ನಾನು ನುಂಗುವ ಗುಳಿಗೆಯಲ್ಲಿರುವುದೂ ಅದೇ. ಆದರೆ ಪುಡಿಯಲ್ಲಿ ಎಷ್ಟಿದೆ ಎಂದು ಹೇಳುವವರಿಲ್ಲ, ಗುಳಿಗೆಯ ಜೊತೆಗೆ ಅದನ್ನೂ ಸೇರಿಸಿದರೆ ಮದ್ದು ಮೀರಬಹುದು. ವೈದ್ಯರನ್ನು ಕೇಳದೆ ಯಾರೂ ಹಾಗೆ ಮಾಡಬಾರದು. ಅಳತೆ ಇಲ್ಲದೆ ಕೊಟ್ಟ ಮದ್ದಿಗೂ ಅಳತೆ ಇಲ್ಲದೆ ಹೇಳಿದ ವ್ಯಾಯಾಮಕ್ಕೂ ನನ್ನ ಆಕ್ಷೇಪ ಒಂದೇ.

ನಮ್ಮಲ್ಲೇ ಆಗಬೇಕಾದ ಸಂಶೋಧನೆ ಬೇಕಾದಷ್ಟಿದೆ. ಅಮೆರಿಕದ ಆರೆಗಾನ್‌ನಲ್ಲಿ 195 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಚೀನಾದ ತಾಯ್ ಚಿ ಎಂಬ ನಿಧಾನ ಚಲನೆಯ ವ್ಯಾಯಾಮ ಕಲಿಸಿ, ವಾರಕ್ಕೆ ಎರಡು ಸಲದಂತೆ ಇಪ್ಪತ್ತನಾಲ್ಕು ವಾರ ಮಾಡಿಸಿ, ಇತರ ವ್ಯಾಯಾಮದ ಗುಂಪುಗಳೊಂದಿಗೆ ಹೋಲಿಸಿದರು. ತಾಯ್ ಚಿ ಗುಂಪಿನವರಿಗೆ ಸಮತೋಲ ಹೆಚ್ಚಿತು, ಬರೀ ಚಾಚುವ ವ್ಯಾಯಾಮ ಮಾಡಿದವರಿಗಿಂತ ಅವರು ಬಿದ್ದದ್ದು ಕಡಿಮೆ. ಇದು 2012ರ ಮಾತು. ಹಾಂಗ್‌ಕಾಂಗ್‌ನಲ್ಲಿ 2019ರಲ್ಲಿ ನಮ್ಮ ಯೋಗವನ್ನೇ 138 ರೋಗಿಗಳಲ್ಲಿ ಪರೀಕ್ಷಿಸಿ, ಆತಂಕ ಮತ್ತು ಖಿನ್ನತೆ ತಗ್ಗಿದ್ದನ್ನು ಕಂಡರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2001ರಿಂದ ಪಾರ್ಕಿನ್ಸನ್ ಇರುವವರಿಗೆಂದೇ ನೃತ್ಯ ತರಗತಿ ನಡೆಯುತ್ತಿದೆ. ನಮ್ಮ ಕೋಲಾಟದಲ್ಲಿ ಏನಿಲ್ಲ? ತಾಳವಿದೆ, ಎದುರಿಗೆ ಜೊತೆಗಾರನಿದ್ದಾನೆ, ಹೆಜ್ಜೆಯನ್ನು ಪಕ್ಕಕ್ಕೂ ಹಿಂದಕ್ಕೂ ಹಾಕಿ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸಬೇಕು, ಕೈ ಒಂದು ಕೆಲಸ ಮಾಡುವಾಗ ಕಾಲು ಇನ್ನೊಂದು ಮಾಡಬೇಕು. ಇದರಿಂದ ಗುಣವಾಗುತ್ತದೆ ಎಂದು ನಾನು ಹೇಳುವುದಿಲ್ಲ, ಪರೀಕ್ಷಿಸಿ ನೋಡಿ ಎನ್ನುತ್ತೇನೆ. ನೆಲದ ಮೇಲೆ ಕುಳಿತು ಏಳುವುದು, ಕುಕ್ಕರಗಾಲಿನ ಶೌಚಾಲಯ, ಎತ್ತರದ ಹೊಸಿಲು, ಪಂಚೆ ಉಟ್ಟು ನಡೆಯುವುದು, ಹದವಿಲ್ಲದ ಎತ್ತರದ ಬಸ್ ಮೆಟ್ಟಿಲು ಇವೆಲ್ಲ ನಮ್ಮ ದಿನದ ಪರೀಕ್ಷೆಗಳು. ಯುರೋಪಿನ ಹಾಳೆಯಲ್ಲಿ ಇವುಗಳ ಚಿತ್ರ ಸಿಗುವುದಿಲ್ಲ.

ಇದಕ್ಕೆಲ್ಲ ಹೊಸ ಆಸ್ಪತ್ರೆ ಕಟ್ಟಬೇಕಾಗಿಲ್ಲ. ನೆದರ್ಲೆಂಡ್ಸಿನವರು 2004ರಲ್ಲಿ ಶುರುಮಾಡಿದ ಜಾಲ ಸರಳವಾದದ್ದು. ಎಲ್ಲ ಫಿಜಿಯೊಥೆರಪಿಸ್ಟರಿಗೂ ಎಲ್ಲವನ್ನೂ ಕಲಿಸುವ ಬದಲು ಪ್ರತಿ ಪ್ರದೇಶದಲ್ಲಿ ಕೆಲವರನ್ನು ಆರಿಸಿ ಪಾರ್ಕಿನ್ಸನ್ನಿನಲ್ಲಿ ಪಳಗಿಸಿದರು, ರೋಗಿಗಳನ್ನು ಅವರ ಬಳಿಗೇ ಕಳುಹಿಸಿದರು. ನಮ್ಮಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಇದೆ. ಅದರ ಜೊತೆಯಲ್ಲೇ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬ ಫಿಜಿಯೊಥೆರಪಿಸ್ಟ್ ಮತ್ತು ಒಬ್ಬ ವಾಕ್ ಚಿಕಿತ್ಸಕರಿಗೆ ಈ ತರಬೇತಿ ಕೊಟ್ಟು, ವಾರಕ್ಕೆ ಎರಡು ದಿನ ಹತ್ತು ಹನ್ನೆರಡು ಜನರ ಗುಂಪು ನಡೆಸಬಹುದು. ರೋಗಿಯನ್ನು ಬಿದ್ದು ಸೊಂಟ ಮುರಿದ ಮೇಲೆ ಅಲ್ಲ, ಕಾಯಿಲೆ ಗೊತ್ತಾದ ವಾರವೇ ಕಳುಹಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ ಇಪ್ಪತ್ತೊಂದು ಬಗೆಗಳಲ್ಲಿ ಪಾರ್ಕಿನ್ಸನ್ ಕೂಡ ಒಂದು. ಹಾಗಾಗಿ ನಾವು ಕೇಳುತ್ತಿರುವುದು ದಯೆಯನ್ನಲ್ಲ. ಗುಂಪಿಗೆ ಬಂದವರ ನಡಿಗೆ, ದನಿ, ಬಿದ್ದ ಸಲಗಳ ಲೆಕ್ಕವನ್ನು ಶಿಸ್ತಾಗಿ ಬರೆದಿಟ್ಟರೆ ಅದೇ ನಮ್ಮ ನೆಲದ ಸಂಶೋಧನೆಯ ಮೊದಲ ಪುಟವಾಗುತ್ತದೆ.

ಈ ಪತ್ರವನ್ನು ಗೆರೆ ಎಳೆದ ಕಾಗದದಲ್ಲಿ, ಎರಡು ಗೆರೆಗಳ ನಡುವೆ ಅಕ್ಷರ ತುಂಬುವಂತೆ, ಒಂಬತ್ತು ದಿನ ಹಿಡಿದು ಬರೆದಿದ್ದೇನೆ. ಗೆರೆಯಿದ್ದರೆ ಅಕ್ಷರ ಕುಗ್ಗುವುದಿಲ್ಲ ಎಂದು ಕಲಿಸಿದವಳೂ ತಂಗಿಯ ಮಗಳೇ. ಹಾಸನದಲ್ಲಿ ಅಂಥದೊಂದು ಗುಂಪು ಶುರುವಾದರೆ, ಅಥವಾ ಯಾರಾದರೂ ಅಧ್ಯಯನಕ್ಕೆ ಜನ ಬೇಕೆಂದರೆ, ನನ್ನ ಹೆಸರನ್ನು ಮೊದಲು ಬರೆದುಕೊಳ್ಳಲಿ. ನನ್ನ ಪರಿಚಯದ ನಾಲ್ವರನ್ನೂ ಕರೆತರುತ್ತೇನೆ. ಬೆಳಗಿನ ಹತ್ತರಿಂದ ಹನ್ನೆರಡರವರೆಗೆ ಗುಳಿಗೆ ಚೆನ್ನಾಗಿ ಹಿಡಿದಿರುತ್ತದೆ. ಆ ಹೊತ್ತಿಗೆ ಇಟ್ಟುಕೊಂಡರೆ ನಾವು ಐವರೂ ಬಸ್ಸಿನಲ್ಲೇ ಬರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬಸ್ ಕಂಡಕ್ಟರ್
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ